ಮಾತ್ರೆ ಬೇಡದ ಅಕ್ಕ

೪ ಮಾರ್ಚ್, ಸೋಮವಾರ

ಸೆಟ್ಟು ವಾಪಸ್ ಬಂತು. ನಾನು ಮಾಡಿದ ಹಲ್ಲಿನ ಸೆಟ್ಟು, ಇಷ್ಟು ವರ್ಷ ಕೆಲಸ ಮಾಡಿದ ಮೇಲೆ, ವಾಪಸ್! ಹಾಕಿಕೊಂಡ ಮುದುಕರಿಗೆ ಒಳಗಂಚು ಚುಚ್ಚಿ ವಸಡೆಲ್ಲ ಹುಣ್ಣಾಗಿದೆಯಂತೆ. ಲ್ಯಾಬಿನ ಯಜಮಾನರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಏನಮ್ಮಾ ಇದು, ನೀವು ಮಾಡಿದ್ದಾ?" ಎಂದು ಕೇಳಿದರು.

"ಅಲ್ಲ, ಬೆಕ್ಕು ಮಾಡಿದ್ದು" ಎಂದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವರಿಗೂ ಗೊತ್ತು. ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ಪಾಲಿಶ್ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ಸವರಿ ನೋಡಬೇಕು. ಕಣ್ಣಿಗೆ ಕಾಣದ ಮುಳ್ಳು ಹೆಬ್ಬೆರಳಿಗೆ ಸಿಗುತ್ತದೆ. ನಾನು ಸವರಿಯೇ ಕಳಿಸಿದ್ದೆ. ಇವತ್ತು ಅವರ ಎದುರಿಗೇ ಇನ್ನೊಮ್ಮೆ ಸವರಿದೆ, ನುಣ್ಣಗಿತ್ತು. ಅವರು ಸವರಿ, "ಇಲ್ನೋಡಿ, ಗರಗಸದ ಹಾಗಿದೆಯಲ್ರೀ" ಎಂದರು. ಪಾಪ, ಅವರಿಗೂ ವಯಸ್ಸಾಯಿತು.

ತಂಗಿ ಗುಬ್ಬಿಗೆ ಫೋನ್ ಮಾಡಿ ಹೊಟ್ಟೆ ಉರಿ ತೋಡಿಕೊಳ್ಳೋಣ ಎಂದರೆ ಅವಳು ತನ್ನ ವೀಗನ್ ಬಳಗದ ಭಾನುವಾರದ ಸಭೆಯ ತಯಾರಿಯಲ್ಲಿ ಮುಳುಗಿದ್ದಾಳೆ. ಅದಕ್ಕೇ ಈ ಪುಸ್ತಕದ ಹತ್ತಿರ ಬೈದುಕೊಳ್ಳುತ್ತಿದ್ದೇನೆ. ಇದು ತಿರುಗಿ ಮಾತಾಡುವುದಿಲ್ಲ, ಅಷ್ಟು ಒಳ್ಳೆಯದು.

೧೦ ಮಾರ್ಚ್, ಭಾನುವಾರ

ಗುಬ್ಬಿಯ ಸಭೆ ಚೆನ್ನಾಗಿ ನಡೆಯಿತು. ಲೈಬ್ರರಿಯ ಮಹಡಿಯ ಮೇಲಿನ ಕೋಣೆ ತುಂಬಿ, ಹಿಂದೆ ನಿಂತುಕೊಂಡವರೂ ಇದ್ದರು. ಅಮ್ಮ ಹೋದಾಗ ಇನ್ನೂ ಸ್ಕೂಲಿಗೂ ಸೇರಿರಲಿಲ್ಲ ನನ್ನ ತಂಗಿ. ತಲೆ ಬಾಚಿ, ಮೂಗು ಒರೆಸಿ, ಹೊಡೆದು ಬಡಿದು ಓದಿಸಿದವಳು ನಾನು. ಈಗ ಆ ಗುಬ್ಬಿ ಮೈಕು ಹಿಡಿದರೆ ಇಡೀ ಕೋಣೆ ಗಪ್‌ಚುಪ್. ಹೆಮ್ಮೆಯಾಗದೆ ಇರುತ್ತದೆಯೇ?

ದನಕ್ಕೆ ಮೇವು ಬೆಳೆಯಲು ಎಷ್ಟು ಕಾಡು ಕಡಿಯುತ್ತಾರೆ, ಎಷ್ಟು ನೀರು ಸುರಿಯುತ್ತಾರೆ, ಡೈರಿಗಳ ಕೊಚ್ಚೆ ಹರಿದು ಹೊಳೆಯ ಮೀನುಗಳು ಹೇಗೆ ಸಾಯುತ್ತವೆ, ಎಲ್ಲ ಹೇಳಿದಳು. ನಾನು ವೀಗನ್ ಆಗಿದ್ದು ಮಾತ್ರ ಅವಳ ಭಾಷಣ ಕೇಳಿ ಅಲ್ಲ. ನಾಲ್ಕು ವರ್ಷದ ಹಿಂದೆ ಅವಳು ಒಂದು ಡೈರಿಗೆ ಕರೆದುಕೊಂಡು ಹೋಗಿದ್ದಳು. ತಾಯಿಯಿಂದ ಬೇರೆ ಮಾಡಿದ ಗಂಡುಕರುಗಳನ್ನು ತಿರುಗಲೂ ಆಗದಷ್ಟು ಇಕ್ಕಟ್ಟಿನ ಗೂಡುಗಳಲ್ಲಿ ನಿಲ್ಲಿಸಿದ್ದರು. ಒಂದು ಕರು ಕಂಬಿಯ ಸಂದಿಯಿಂದ ಮುಖ ತೂರಿಸಿ ನನ್ನ ಬೆರಳನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಅವತ್ತೇ ಹಾಲು, ಬೆಣ್ಣೆ, ಮೊಟ್ಟೆ ಎಲ್ಲ ಬಂದ್. ಮೈಯೂ ಹಗುರವಾಯಿತು, ಬಿಪಿ ಇಳಿಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಇದರಲ್ಲಿ ಸುಳ್ಳಿಲ್ಲ.

ಯಾರೋ ವಿಟಮಿನ್ ಮಾತ್ರೆಗಳ ವಿಷಯ ಕೇಳಿದರು. ಗುಬ್ಬಿ ಯಾವತ್ತಿನ ಹಾಗೆ ನನ್ನ ಕಡೆ ಕೈ ತೋರಿಸಿದಳು. "ನಮ್ಮಕ್ಕನ್ನ ನೋಡಿ. ಈ ವಯಸ್ಸಲ್ಲೂ ಹೇಗಿದ್ದಾರೆ! ಒಂದು ಮಾತ್ರೆ ಇಲ್ಲ, ಒಂದು ಟಾನಿಕ್ ಇಲ್ಲ. ಬೇಕಾದ್ದೆಲ್ಲ ಗಿಡದಲ್ಲೇ ಇದೆ. ನಾವು ಮಾತ್ರೆ ನುಂಗೋಕೆ ಶುರು ಮಾಡಿದ್ರೆ ಜನ ಏನಂತಾರೆ? ನೋಡಿ, ಇವರ ಊಟದಲ್ಲೇ ಏನೋ ಕಮ್ಮಿ ಇದೆ ಅಂತಾರೆ." ನಾನು ಎದ್ದು ನಿಂತು ಒಂದು ಸುತ್ತು ತಿರುಗಿದೆ, ಚಪ್ಪಾಳೆ ಬಿತ್ತು. ಬಳಗದಲ್ಲಿ ನನ್ನ ಹೆಸರೇ ಮಾತ್ರೆ ಬೇಡದ ಅಕ್ಕ ಎಂದಾಗಿಬಿಟ್ಟಿದೆ. ತಿರುಗುವಾಗ ಸ್ವಲ್ಪ ಜೋಲಿ ಹೊಡೆಯಿತು, ಕುರ್ಚಿ ಹಿಡಿದುಕೊಂಡೆ. ಹಾಳು ಚಪ್ಪಲಿ.

ಸಭೆ ಮುಗಿದ ಮೇಲೆ ಗುಬ್ಬಿಗೆ ಹೇಳಿದೆ, "ನಾಲಿಗೆ ಉರೀತಿದೆ ಕಣೇ. ಬೆರಳ ತುದಿ ಬೇರೆ ಜುಮ್ ಜುಮ್ ಅನ್ನುತ್ತೆ."

ಅವಳು ಕುರ್ಚಿ ಮಡಿಸುತ್ತಿದ್ದಳು. "ವಿಷ ಹೊರಗೆ ಹೋಗ್ತಿದೆ ಅಕ್ಕ. ಹಳೇ ಹಾಲಿಂದು. ಒಳ್ಳೇದೇ."

"ನಾಲ್ಕು ವರ್ಷ ಆದ್ಮೇಲೂ ಹೋಗ್ತಾನೇ ಇದೆ ಅಂದ್ರೆ ಎಷ್ಟು ಕುಡಿದಿದ್ದೆನೋ ಮಾರಾಯ್ತಿ!" ಎಂದು ನಕ್ಕೆ. ಅವಳು ನಗಲಿಲ್ಲ. ದಣಿದಿದ್ದಳು, ಪಾಪ.

೧೩ ಮಾರ್ಚ್, ಬುಧವಾರ

ಮಲಗುವ ಮುಂಚೆ ಕಾಲುಚೀಲ ಬಿಚ್ಚೋಣ ಎಂದು ಬಗ್ಗಿದೆ. ನೋಡಿದರೆ ಹಾಕಿಯೇ ಇರಲಿಲ್ಲ! ಒಬ್ಬಳೇ ಕೂತು ನಕ್ಕೆ.

೨೧ ಮಾರ್ಚ್, ಗುರುವಾರ

ಇವತ್ತು ಯಜಮಾನರ ಮೇಲೆ ಕೂಗಾಡಿದೆ. ಮೇಣ ಕಾಯಿಸುವ ದೀಪದ ಹೆಸರು ಬಾಯಿಗೇ ಬರಲಿಲ್ಲ, "ಅದು, ಅದು, ಆ ಉರಿಯೋದು ಕೊಡಿ" ಎಂದರೆ ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತ ನಿಂತರು. ರೇಗಿತು. ಇನ್ನೊಂದು ಸೆಟ್ಟೂ ವಾಪಸ್ ಬಂದಿದೆ. ಈ ಸಲ ಎಡಗಡೆಯ ದವಡೆ ಹಲ್ಲು ಬಲಕ್ಕೆ, ಬಲದ್ದು ಎಡಕ್ಕೆ. ಹೊಸದಾಗಿ ಸೇರಿದವರೂ ಮಾಡದ ತಪ್ಪು. ಟ್ರೇನಲ್ಲಿ ಯಾರೋ ಅದಲುಬದಲು ಮಾಡಿಟ್ಟಿರಬೇಕು. ಮೇಣವೂ ಸರಿಯಿಲ್ಲ, ಕನ್ನಡಕವೂ ಸರಿಯಿಲ್ಲ, ಕಾಲವೂ ಸರಿಯಿಲ್ಲ.

ಗುಬ್ಬಿಗೆ ಹೇಳಿದೆ. "ಹೆಸರುಕಾಳು ಜಾಸ್ತಿ ತಿನ್ನು ಅಕ್ಕ" ಎಂದಳು. ತಿನ್ನುತ್ತಿದ್ದೇನೆ. ಮೂರು ಹೊತ್ತೂ ಅದನ್ನೇ ತಿಂದು ಇನ್ನು ಮೊಳಕೆ ಬರುವುದೊಂದು ಬಾಕಿ.

೨೮ ಮಾರ್ಚ್, ಗುರುವಾರ

ಕೈ ಸುಟ್ಟುಕೊಂಡೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಾಗೆ ಕಾಲು ಗುಬ್ಬಿ ಕಾಲು.

ಮೇಣದ ಚೂರಿಯನ್ನು ದೀಪದ ಮೇಲೆ ಹಿಡಿದು ಮುಂದಿನ ಹಲ್ಲು ಕೂರಿಸುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. "ಏನ್ರೀ ಅದು ವಾಸನೆ, ಯಾರು ಕೂದಲು ಸುಟ್ಟಿದ್ದು?" ಎಂದು ನಾನೇ ಕೇಳಿದೆ. ಯಜಮಾನರು ಓಡಿ ಬಂದು ನನ್ನ ಕೈಯಿಂದ ಚೂರಿ ಕಿತ್ತೆಸೆದರು. ಕೆಂಪಗೆ ಕಾದ ಬುಡವನ್ನೇ ನಾನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದೆನಂತೆ. ಚರ್ಮ ಬೆಳ್ಳಗಾಗಿತ್ತು. ನೋವೇ ಇರಲಿಲ್ಲ.

ಅವರು ಕೈ ನೋಡಿದರು, ನನ್ನ ಮುಖ ನೋಡಿದರು, ಲ್ಯಾಬಿಗೆ ಬೀಗ ಹಾಕಿ ಆಟೋ ಕರೆದರು. ಡಾಕ್ಟರಮ್ಮ ಹೆಬ್ಬೆರಳಿಗೆ ಪಟ್ಟಿ ಕಟ್ಟಿ, ಉಳಿದ ಬೆರಳುಗಳಿಗೂ ಪಾದಕ್ಕೂ ಸೂಜಿಯಿಂದ ಚುಚ್ಚಿ "ಗೊತ್ತಾಗುತ್ತಾ?" ಎಂದು ಕೇಳುತ್ತಾ ಹೋದರು. ಎಷ್ಟೋ ಕಡೆ ಗೊತ್ತಾಗಲಿಲ್ಲ. ಗೊತ್ತಾಗುತ್ತೆ ಎಂದು ಸುಳ್ಳು ಹೇಳಿದೆ. ಅವರು ಕಣ್ಣು ಮುಚ್ಚಿಸಿ ಕೇಳಿದರು, ಸಿಕ್ಕಿಬಿದ್ದೆ. ರಕ್ತ ತೆಗೆದುಕೊಂಡರು.

೨ ಏಪ್ರಿಲ್, ಮಂಗಳವಾರ

ಎಲ್ಲಿಂದ ಶುರು ಮಾಡಲಿ.

ಬೆಳಿಗ್ಗೆ ಡಾಕ್ಟರಮ್ಮ ರಕ್ತದ ವರದಿ ನೋಡಿ ಹೇಳಿದರು: ಬಿ ಹನ್ನೆರಡು ಎನ್ನುವ ವಿಟಮಿನ್ ನನ್ನ ಮೈಯಲ್ಲಿ ಹೆಚ್ಚುಕಡಿಮೆ ಬರಿದಾಗಿದೆ. ನರಗಳಿಗೆ ಪೆಟ್ಟು ಬಿದ್ದಿದೆ. ನಾಲಿಗೆ ಉರಿ, ಮರೆವು, ಜೋಲಿ, ಸಿಟ್ಟು, ಎಲ್ಲ ಅದರದ್ದೇ. (ಸಿಟ್ಟು ಮೊದಲಿಂದಲೂ ಇತ್ತು ಎಂದೆ. ನಕ್ಕರು.)

"ನಾನು ವೀಗನ್. ಅದನ್ನ ಬಿಡಿ ಅಂದ್ರೆ ಬಿಡಲ್ಲ" ಎಂದೆ ಮೊದಲೇ.

"ಬಿಡಿ ಅಂತ ಯಾರಮ್ಮ ಹೇಳಿದ್ದು? ನಿಮ್ಮ ಊಟ ನನ್ನ ಊಟಕ್ಕಿಂತ ಚೆನ್ನಾಗಿದೆ. ಇದೊಂದು ಗಿಡದಲ್ಲಿ ಸಿಗಲ್ಲ, ಅಷ್ಟೇ. ಒಂದು ಸಣ್ಣ ಮಾತ್ರೆ ತಗೊಂಡಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ. ಯಾರೂ ಹೇಳ್ಲಿಲ್ವಾ ನಿಮಗೆ?"

ಹೆಬ್ಬೆರಳಿನ ಸ್ಪರ್ಶ ಪೂರ್ತಿ ವಾಪಸ್ ಬರುತ್ತದೆಯೇ ಎಂದು ಕೇಳಿದೆ. ಸುಟ್ಟ ಗಾಯ ಮಾಯುತ್ತದೆ, ನರದ ವಿಷಯ ಹೇಳಲಾಗದು, ತಡವಾಗಿದೆ ಎಂದರು. ಇಂಜೆಕ್ಷನ್ ಹಾಕಿಸಿಕೊಂಡು ಹೊರಗೆ ಬಂದೆ.

ಆಗಲೂ ನನ್ನ ತಲೆಯಲ್ಲಿದ್ದದ್ದು ಗುಬ್ಬಿ ಒಬ್ಬಳೇ. ಅವಳೂ ಇದೇ ಊಟ ಮಾಡುವವಳಲ್ಲವೇ, ನನಗಿಂತ ಮೊದಲಿನಿಂದ! ಅವಳ ನರ ಏನಾಗಿದೆಯೋ ಏನೋ! ಲ್ಯಾಬಿಗೂ ಹೋಗದೆ ಸೀದಾ ಅವಳ ಮನೆಗೆ ಓಡಿದೆ. ನೆಲ ಕಾಲಿಗೆ ಸರಿಯಾಗಿ ಸಿಗುವುದಿಲ್ಲ, ಆದರೂ ಓಡಿದೆ.

ಗುಬ್ಬಿಯ ಗಂಡ ಬಾಗಿಲು ತೆಗೆದರು. ಕೈಯಲ್ಲಿ ಬಿಚ್ಚಿದ ಮಿಕ್ಸಿ. ಅವರು ಬಡಪಾಯಿ, ಮನೆಯಲ್ಲಿ ಏನಾದರೊಂದು ಬಿಚ್ಚಿಕೊಂಡು ಕೂತಿರುತ್ತಾರೆ.

"ಎಲ್ಲಿ ಅವಳು? ಈಗ್ಲೇ ರಕ್ತ ಪರೀಕ್ಷೆ ಮಾಡಿಸ್ಬೇಕು. ಬಿ ಹನ್ನೆರಡು ಅಂತೆ, ನಮಗೆ ಅದು ಸಿಗಲ್ವಂತೆ" ಎಂದು ಒಂದೇ ಉಸಿರಿಗೆ ಹೇಳಿದೆ.

"ಓ, ಅದಾ! ಕೂತ್ಕೊಳ್ಳಿ ಅತ್ತಿಗೆ, ಗಾಬರಿಯಾಗ್ಬೇಡಿ. ಅವಳದ್ದು ಸರಿಯಾಗೇ ಇದೆ. ತಿಂಗಳಿಗೊಂದು ಚುಚ್ಚಿಸ್ಕೋತಾಳಲ್ಲ. ನೀವು ಯಾವ ಕ್ಲಿನಿಕ್ಕಲ್ಲಿ ಹಾಕಿಸ್ಕೊಳ್ಳೋದು?"

ಪಾಪದ ಮನುಷ್ಯ. ನಾನೂ ಹಾಕಿಸಿಕೊಳ್ಳುತ್ತೇನೆಂದೇ ಅವರು ತಿಳಿದಿದ್ದರು. ಅಕ್ಕತಂಗಿಯರಲ್ಲವೇ, ಹೇಳದೆ ಇರುತ್ತಾಳೆಯೇ ಎಂದು.

ಅವಳು ತರಕಾರಿ ಚೀಲ ಹಿಡಿದು ಬಂದಳು. ನನ್ನ ಪಟ್ಟಿ ಕಟ್ಟಿದ ಬೆರಳು ನೋಡಿದಳು, ಗಂಡನ ಮುಖ ನೋಡಿದಳು, ಚೀಲ ಕೆಳಗಿಟ್ಟಳು. ಗಂಡ ಮಿಕ್ಸಿ ಎತ್ತಿಕೊಂಡು ಒಳಗೆ ಹೋದರು.

"ಯಾವಾಗಿಂದ?" ಎಂದೆ.

"ಎರಡು ವರ್ಷ ಆಯ್ತು. ನನಗೂ ಕಾಲು ಜುಮ್ಮನ್ನೋಕೆ ಶುರುವಾಗಿತ್ತು. ಡಾಕ್ಟ್ರು ಹೇಳಿದ್ರು."

"ಅಂದ್ರೆ ನನ್ನ ಬೆರಳು ಜುಮ್ಮನ್ನುತ್ತೆ ಅಂದಾಗ ಅದೇನು ಅಂತ ನಿನಗೆ ಗೊತ್ತಿತ್ತು."

ಅವಳು ಚೀಲದಿಂದ ಹೊರಗೆ ಬಿದ್ದ ಟೊಮೆಟೊ ಎತ್ತಿ ಒಳಗಿಟ್ಟಳು.

"ಮಾತಾಡೇ!"

"ನಿನಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ ಅಕ್ಕ? ನಿನ್ನ ಬಾಯಿ ನನಗೆ ಗೊತ್ತಿಲ್ವಾ? ಮುಂದಿನ ಭಾನುವಾರಾನೇ ಎಲ್ಲರ ಎದುರಿಗೆ ಹೇಳಿಬಿಡ್ತಿದ್ದೆ."

"ಹೇಳ್ತಿದ್ದೆ."

"ನೋಡು ಮತ್ತೆ!"

ನೋಡು ಮತ್ತೆ ಅಂತೆ. ತಪ್ಪು ನನ್ನದೇ ಅನ್ನುವ ಹಾಗೆ. ಮಾತ್ರೆ ಬೇಡ ಎಂದು ಮೈಕಿನಲ್ಲಿ ಕೂಗಿ ಕೂಗಿ ಹೆಸರು ಮಾಡಿದ ಮೇಲೆ ಹಿಂದೆ ಸರಿಯುವುದು ಹೇಗೆ ಎಂದು ಅತ್ತಳು. ಎಷ್ಟೋ ಸಲ ಹೇಳಬೇಕೆಂದುಕೊಂಡಳಂತೆ. ನಾನು ಗಟ್ಟಿಮುಟ್ಟಾಗಿದ್ದೇನೆ, ಏನೂ ಆಗಲಿಕ್ಕಿಲ್ಲ ಅಂದುಕೊಂಡಳಂತೆ. ಅವಳು ಅತ್ತರೆ ಮೊದಲು ಕಣ್ಣೊರೆಸುವ ಕೈ ನನ್ನದು. ಇವತ್ತು ಎದ್ದು ಬಂದುಬಿಟ್ಟೆ.

೩ ಏಪ್ರಿಲ್, ಬುಧವಾರ

ಒಂದು ಮಾತ್ರೆ ಪುಡಿ ಮಾಡಿ ನಾನು ಕುಡಿಯುವ ಸೋಯಾ ಹಾಲಿಗೆ ಹಾಕಿದ್ದರೂ ಆಗುತ್ತಿತ್ತಲ್ಲ. ನನಗೆ ಗೊತ್ತೇ ಆಗುತ್ತಿರಲಿಲ್ಲ, ಅವಳ ಮಾನವೂ ಉಳಿಯುತ್ತಿತ್ತು. ಜ್ವರ ಬಂದಾಗ ಕಹಿ ಗುಳಿಗೆಯನ್ನು ಬಾಳೆಹಣ್ಣಿನಲ್ಲಿ ಹುದುಗಿಸಿ ಅವಳಿಗೆ ನುಂಗಿಸುತ್ತಿದ್ದೆ ನಾನು. ಮೋಸ ಮಾಡುವುದಾದರೆ ಹಾಗೆ ಮಾಡಬೇಕಿತ್ತು.

೫ ಏಪ್ರಿಲ್, ಶುಕ್ರವಾರ

ಇಂಜೆಕ್ಷನ್. ಬರೆಯಲು ಮನಸ್ಸಿಲ್ಲ.

೧೪ ಏಪ್ರಿಲ್, ಭಾನುವಾರ

ಸಭೆಗೆ ಹೋಗಬಾರದಿತ್ತು. ಹೋದೆ. ಯಾಕೆ ಹೋದೆ? ತಂಗಿ ತಾನಾಗಿಯೇ ಹೇಳುತ್ತಾಳೆ ಎಂಬ ಆಸೆ. ಅವಳು ಹೇಳುವಾಗ ಪಕ್ಕದಲ್ಲಿ ನಾನಿರಬೇಕು, ಜನ ಕಲ್ಲೆಸೆದರೆ ಅಡ್ಡ ನಿಲ್ಲಬೇಕು ಎಂದುಕೊಂಡಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬ ಬಸುರಿ ಹುಡುಗಿ ಕೂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಬೆನ್ನಿಗೆ ತನ್ನ ಚೀಲವನ್ನೇ ದಿಂಬಿನ ಹಾಗೆ ಇಟ್ಟುಕೊಂಡಿದ್ದಳು. ಎದ್ದು ಕೇಳಿದಳು, "ನಾನು ವೀಗನ್ ಅಂದಿದ್ದಕ್ಕೆ ಡಾಕ್ಟ್ರು ಬಿ ಹನ್ನೆರಡು ಮಾತ್ರೆ ಬರೆದುಕೊಟ್ಟಿದ್ದಾರೆ. ತಗೊಳ್ಲಾ, ಬೇಡ್ವಾ?"

ತಂಗಿ ನನ್ನ ಕಡೆ ನೋಡಲಿಲ್ಲ. ನೋಡದೆಯೇ ಕೈ ಮಾತ್ರ ನನ್ನ ಕಡೆ ಚಾಚಿದಳು, ಎಷ್ಟೋ ವರ್ಷದ ರೂಢಿ. "ನಮ್ಮಕ್ಕನ್ನ ಕೇಳಿ. ಒಂದು ಮಾತ್ರೆ ನುಂಗಿದೋರಲ್ಲ."

ಎದ್ದು ನಿಂತೆ. ಸುತ್ತು ತಿರುಗಲಿಲ್ಲ. ಪಟ್ಟಿ ಕಟ್ಟಿದ ಹೆಬ್ಬೆರಳು ತೋರಿಸಿದೆ. "ತಗೋಮ್ಮ. ಇವತ್ತೇ ಶುರು ಮಾಡು. ನಾನು ತಗೊಳ್ಳದೇ ಇದ್ದಿದ್ದಕ್ಕೆ ಹೀಗಾಗಿದೆ. ಬೆಂಕಿ ತಾಗಿದ್ರೂ ಗೊತ್ತಾಗಲ್ಲ ನನಗೆ. ನಮ್ಮ ಊಟ ಬಿಡೋದು ಬೇಡ, ಕರುವಿಗೆ ಅದರ ತಾಯಿ ಹಾಲು ಇರ್ಲಿ. ಮಾತ್ರೆ ಮಾತ್ರ ನುಂಗು." ತಂಗಿಯ ಇಂಜೆಕ್ಷನ್ ವಿಷಯ ಎತ್ತಲಿಲ್ಲ. ಅದನ್ನು ಅವಳೇ ಹೇಳಲಿ ಎಂದು ಬಿಟ್ಟೆ.

ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಅವಳು ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಆಮೇಲೆ ನಕ್ಕಳು. ಚಿಕ್ಕವಳಿದ್ದಾಗ ಸಕ್ಕರೆ ಕದ್ದು ಸಿಕ್ಕಿಬಿದ್ದರೆ ನಗುತ್ತಿದ್ದ ಅದೇ ನಗು.

"ಹೇಳ್ಬಾರ್ದು ಅಂತಿದ್ದೆ. ಮನೆ ವಿಷಯ. ನಮ್ಮಕ್ಕ ಸುಮಾರು ದಿನದಿಂದ ಕದ್ದು ಹಾಲು ಕುಡೀತಿದ್ದಾರೆ. ಬೆಣ್ಣೇನೂ ತಿಂತಾರೆ. ಹೀಗೆ ಅರ್ಧಂಬರ್ಧ ಮಾಡಿದ್ರೆ ಮೈ ಕೆಡೋದೇ. ವಯಸ್ಸಾದೋರು, ನಾಲಿಗೆ ಕೇಳಲ್ಲ. ಯಾರೂ ಏನೂ ಅನ್ಬೇಡಿ ಪ್ಲೀಸ್."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಯಾರೋ ಒಬ್ಬಳು "ಅಯ್ಯೋ" ಎಂದು ಮರುಗಿದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ನನ್ನ ಬಾಯಲ್ಲಿ ಮಾತು ಬಂದು ನಿಂತಿತ್ತು. ನೀನು ತಿಂಗಳಿಗೊಂದು ಚುಚ್ಚಿಸಿಕೊಳ್ಳುತ್ತೀಯಲ್ಲ, ಅದನ್ನು ಹೇಳೇ, ಎಂದು. ಅಷ್ಟು ಹೇಳಿದ್ದರೆ ಅವಳ ಕಥೆ ಅಲ್ಲೇ ಮುಗಿಯುತ್ತಿತ್ತು. ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ಕಾಯುವ ನಾನು ಬಾಯಿ ತೆರೆಯಲಿಲ್ಲ. ಅಷ್ಟು ಜನರ ನಡುವೆ ಅವಳನ್ನು ಬೆತ್ತಲೆ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಅವಳಿಂದ ಆಯಿತು.

ಚೀಲ ತೆಗೆದುಕೊಂಡು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದೆ.

೧೭ ಏಪ್ರಿಲ್, ಬುಧವಾರ

ಸುದ್ದಿ ನನಗಿಂತ ಮೊದಲೇ ಲ್ಯಾಬು ತಲುಪಿದೆ. ಯಜಮಾನರ ಹೆಂಡತಿ ಮಧ್ಯಾಹ್ನ ಒಂದು ಲೋಟ ಹಾಲು ತಂದು ನನ್ನ ಮೇಜಿನ ಮೇಲಿಟ್ಟು ಕಣ್ಣು ಮಿಟುಕಿಸಿದರು. "ಕುಡೀರಿ, ನಮ್ಮ ಹತ್ರ ಏನು ಸಂಕೋಚ? ಇಲ್ಲಿ ಯಾರೂ ನೋಡಲ್ಲ."

ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು. ನಾನು ಕುಡಿಯುವುದಿಲ್ಲ ಎಂದಷ್ಟೂ ಅವರ ನಗು ದೊಡ್ಡದಾಯಿತು. ಕೊನೆಗೆ ಸಾಕಾಗಿ, ಲೋಟವನ್ನು ಅವರ ಕೈಗೇ ವಾಪಸ್ ಕೊಟ್ಟು, "ಮೋಸ ಮಾಡಿದ್ದು ನನ್ನ ತಂಗಿ ಕಣ್ರೀ, ಕರು ಅಲ್ಲ" ಎಂದು ಕಿರುಚಿದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಯಜಮಾನರಿಗೆ ತಿಳಿಯಿತು ಅನ್ನಿಸುತ್ತದೆ. ಹೆಂಡತಿಯನ್ನು ಒಳಗೆ ಕಳಿಸಿದರು.

ಅಂಚು ಸವರುವ ಕೆಲಸ ಈಗ ಅವರೇ ಮಾಡುತ್ತಾರೆ. ನನಗೆ ಹಲ್ಲಿನ ಬಣ್ಣ ಆರಿಸುವುದು, ಪ್ಲಾಸ್ಟರ್ ಕಲಸುವುದು. ಬೆರಳು ಬರುವ ತನಕ ಅಷ್ಟೇ ಎಂದರು. ಬರದೆ ಹೋದರೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

೨೦ ಏಪ್ರಿಲ್, ಶನಿವಾರ

ಆ ಬಸುರಿ ಹುಡುಗಿ ಲ್ಯಾಬು ಹುಡುಕಿಕೊಂಡು ಬಂದಿದ್ದಳು. ನಾಲ್ಕು ಮೆಟ್ಟಿಲಿಗೇ ಸುಸ್ತಾಗಿ ಸ್ಟೂಲಿನ ಮೇಲೆ ಕೂತಳು. ನೀರು ಕೊಟ್ಟೆ.

"ಮಾತ್ರೆ ತಗೋತಿದ್ದೀನಿ ಆಂಟಿ. ಅದನ್ನ ಹೇಳೋಣ ಅಂತ ಬಂದೆ."

"ಹಾಲು ಕುಡಿಯೋ ಕಳ್ಳಿ ಮಾತು ನಂಬಿದ್ಯಾ?"

"ನಮ್ಮ ಡಾಕ್ಟ್ರನ್ನ ಕೇಳಿದೆ. ಹಾಲು ಬೆಣ್ಣೆ ಚೆನ್ನಾಗಿ ತಿಂತಿದ್ರೆ ಬಿ ಹನ್ನೆರಡು ಇಷ್ಟು ಬರಿದಾಗೋದು ಕಷ್ಟ ಅಂದ್ರು. ಅಂದ್ಮೇಲೆ ನೀವು ಕುಡಿದಿಲ್ಲ, ಅಲ್ವಾ?"

ಅಷ್ಟು ಜನರಲ್ಲಿ ಒಬ್ಬಳಿಗಾದರೂ ತಲೆ ಓಡಿತಲ್ಲ! ಬಾಚಿ ತಬ್ಬಿಕೊಳ್ಳೋಣ ಅನ್ನಿಸಿತು, ಮೈಯೆಲ್ಲ ಪ್ಲಾಸ್ಟರ್ ಆಗಿತ್ತು. ನಿಮ್ಮ ತಂಗಿ ಯಾಕೆ ಹಾಗಂದರು ಎಂದು ಅವಳು ಕೇಳಿದಾಗ, "ಹೆದರಿಕೊಂಡ್ಲು" ಎಂದೆ. ಬೇರೆ ಉತ್ತರ ಎಷ್ಟು ಹುಡುಕಿದರೂ ಸಿಗಲಿಲ್ಲ.

೨೮ ಏಪ್ರಿಲ್, ಭಾನುವಾರ

ಇವತ್ತು ತಂಗಿ ಬಂದಿದ್ದಳು. ಸಭೆ ಮುಗಿಸಿ ನೇರ ಇಲ್ಲಿಗೇ. ಒಳಗೆ ಬಾ ಅನ್ನಲಿಲ್ಲ, ತಾನೇ ಬಂದು ಸ್ಟೂಲ್ ಎಳೆದುಕೊಂಡು ಕೂತಳು. ನಾನು ಕಾಳು ಆರಿಸುತ್ತಿದ್ದೆ. ಸಣ್ಣ ಕಲ್ಲು ಬೆರಳಿಗೆ ಸಿಗುವುದಿಲ್ಲ ಈಗ, ಕಣ್ಣಿಟ್ಟು ಹುಡುಕಬೇಕು. ಅವಳು ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳಲು ನೋಡಿದಳು. ಬಿಡಲಿಲ್ಲ.

"ಅವತ್ತು ಹಾಗೆ ಅನ್ಬಾರ್ದಿತ್ತು ಅಕ್ಕ. ಬಾಯಿಗೆ ಬಂದುಬಿಡ್ತು."

"ಇವತ್ತು ಸಭೇಲಿ ಸರಿ ಮಾಡಿದ್ಯಾ?"

"ಹೇಗೆ ಮಾಡ್ಲಿ? ಈಗ ಹೇಳಿದ್ರೆ ಎಲ್ಲ ವಾಪಸ್ ಹಾಲಿಗೆ ಹೋಗ್ತಾರೆ. ನನ್ನ ವಿಷಯ ಬಿಡು, ಆ ಕರುಗಳ ಬಗ್ಗೆನಾದ್ರೂ ಯೋಚನೆ ಮಾಡು" ಎಂದಳು.

ನೋಡಿ, ಕರುವನ್ನೇ ನನ್ನ ಮೇಲೆ ಛೂ ಬಿಟ್ಟಳು! ಮೈ ಉರಿದುಹೋಯಿತು. "ಕರುಗಳ ಹೆಸರು ಎತ್ಬೇಡ ನೀನು. ಒಂದು ಮಾತ್ರೆ ನುಂಗಿ ಅಂದ್ರೆ ಯಾರೂ ಹಾಲಿಗೆ ವಾಪಸ್ ಹೋಗಲ್ಲ. ಕಾಲು ಮರಗಟ್ಟಿ ಕೆಳಗೆ ಬಿದ್ದಾಗ ಹೋಗ್ತಾರೆ. ಅವರನ್ನ ವಾಪಸ್ ಕಳಿಸ್ತಿರೋಳು ನೀನು."

"ಸ್ವಲ್ಪ ದಿನ ಬಿಡು ಅಕ್ಕ. ನಿಧಾನಕ್ಕೆ ಹೇಳ್ತೀನಿ. ಅಲ್ಲೀತನಕ ನೀನು ಏನೂ ಹೇಳ್ಬೇಡ. ಜನ ಅಂದುಕೊಂಡ ಹಾಗೇ ಇರ್ಲಿ."

ಅಂದರೆ ನಾನು ಕಳ್ಳಿಯಾಗಿಯೇ ಇರಬೇಕು. ಅದನ್ನು ಕೇಳಲು ಬಂದಿದ್ದಳು. ಕ್ಷಮೆ ಕೇಳಲು ಅಲ್ಲ.

"ನಾಳೆಯಿಂದ ನನ್ನನ್ನ ಯಾರೇ ಕೇಳಲಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನಿನ್ನ ವಿಷಯಾನೂ. ಎದ್ದು ಹೋಗು" ಎಂದೆ. ಧ್ವನಿ ಏರಲಿಲ್ಲ. ನನಗೇ ಆಶ್ಚರ್ಯವಾಯಿತು.

ಎದ್ದಳು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಒಂದು ಕಾಲಿಗೆ ಸರಿಯಾಗಿ ಸಿಗದೆ ಗೋಡೆ ಹಿಡಿದುಕೊಂಡಳು. ಬಾಯಿ ನನ್ನನ್ನು ಕೇಳದೆಯೇ ಕೇಳಿಬಿಟ್ಟಿತು, "ಈ ತಿಂಗಳದ್ದು ಚುಚ್ಚಿಸ್ಕೊಂಡ್ಯಾ?"

"ಹೂಂ" ಎಂದಳು, ತಿರುಗಿ ನೋಡದೆ.

ಸದ್ಯ, ಎಂದುಕೊಂಡೆ. ನನ್ನ ಕೈ ತೆಗೆದವಳಿಗೆ, ಊರೆಲ್ಲ ನನ್ನನ್ನು ಕಳ್ಳಿ ಮಾಡಿದವಳಿಗೆ, ಸದ್ಯ ಎಂದಿತಲ್ಲ ಈ ಮನಸ್ಸು. ಇದನ್ನು ಹಿಡಿದು ಎರಡು ಬಾರಿಸಬೇಕು ಅನ್ನಿಸುತ್ತದೆ.